ಮುಡಿ ಕೊಡದ ಹುಡುಗಿ, ಬೆನ್ನಿಗೆ ನಿಂತ ಮಡಿಯಜ್ಜಿ

ಹದಿಹರೆಯದ ಹುಡುಗಿ ಮನೆಯವರ ಮಾತು ಮೀರುವುದು ಸಿನಿಮಾಕ್ಕೆ ಹೊಸ ಕಥೆಯೇನಲ್ಲ. ಮಾತು ಮೀರಿದ ಮೇಲೆ ಅವಳಿಗೆ ಏನಾಗುತ್ತದೆ ಎಂಬುದು ಮುಖ್ಯ. ನಮ್ಮ ಅನೇಕ ಚಿತ್ರಗಳಲ್ಲಿ ಆಕೆ ಸಾಯುತ್ತಾಳೆ, ಇಲ್ಲವೆ ತಪ್ಪೊಪ್ಪಿಕೊಂಡು ತಲೆ ತಗ್ಗಿಸಿ ಮನೆಗೆ ಮರಳುತ್ತಾಳೆ. ಇವೆರಡನ್ನೂ ಬಿಟ್ಟು ಬೇರೆ ದಾರಿ ತೋರಿಸಿದ ಕನ್ನಡ ಚಿತ್ರ 1983ರಲ್ಲಿ ತೆರೆಗೆ ಬಂದ ‘ಫಣಿಯಮ್ಮ’.

ಇದನ್ನು ನಿರ್ದೇಶಿಸಿದ ಪ್ರೇಮಾ ಕಾರಂತರು ಬೆಳೆದದ್ದು ಶಿಡ್ಲಘಟ್ಟದಲ್ಲಿ. ಇಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರೂ, ಬೆಂಗಳೂರು–ಹಿಂದೂಪುರ ರೈಲು ಮಾರ್ಗದಲ್ಲಿರುವ ನಮ್ಮ ತೊಂಡೇಬಾವಿಯೂ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಆ ವರ್ಷವೇ, ಅಕ್ಟೋಬರ್ 29ರಂದು, ಪ್ರೇಮಾ ಕಾರಂತರು ತೀರಿಕೊಂಡರು. ಜಿಲ್ಲೆಯ ಹೆಮ್ಮೆಯ ವ್ಯಕ್ತಿಗಳ ಪಟ್ಟಿ ಹೇಳುವಾಗ ಸರ್ ಎಂ. ವಿಶ್ವೇಶ್ವರಯ್ಯ, ಡಾ. ಎಚ್. ನರಸಿಂಹಯ್ಯನವರ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಪ್ರೇಮಾ ಕಾರಂತರ ಹೆಸರು ಬರುವುದು ಅಪರೂಪ. ಅವರ ಚಿತ್ರ ಏನು ಹೇಳಿತು ಎಂಬುದನ್ನು ಈಗ ಮತ್ತೊಮ್ಮೆ ನೋಡಲು ಬೇರೊಂದು ಕಾರಣವೂ ಇದೆ. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ಚಿತ್ರದ ಕಥೆ

ಮಲೆನಾಡಿನ ಒಂದು ದೊಡ್ಡ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಫಣಿಯಮ್ಮನಿಗೆ ಆಡುವ ವಯಸ್ಸಿನಲ್ಲೇ ಮದುವೆ. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡ ಸಾಯುತ್ತಾನೆ. ಗಂಡ ಎಂದರೇನು ಎಂದು ತಿಳಿಯುವ ಮೊದಲೇ ಆಕೆ ವಿಧವೆ. ಮೈನೆರೆದ ಮೇಲೆ ಸಂಪ್ರದಾಯದಂತೆ ಕ್ಷೌರಿಕನನ್ನು ಕರೆಸಿ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಒಪ್ಪತ್ತಿನ ಊಟ, ಮಡಿ, ಏಕಾದಶಿ ಉಪವಾಸ, ಮನೆಯ ಕೊನೆಮುಟ್ಟದ ಕೆಲಸ. ಮನೆಯಲ್ಲಿ ಯಾರಿಗೆ ಹೆರಿಗೆಯಾಗಲಿ, ಮದುವೆಯಾಗಲಿ ದುಡಿಯುವ ಕೈ ಆಕೆಯದು. ಶುಭ ಕಾರ್ಯದಲ್ಲಿ ಎದುರಿಗೆ ಬರಬಾರದ ಮುಖವೂ ಆಕೆಯದೇ. ಹೀಗೆ ಒಂದು ಮಾತೂ ಎದುರಾಡದೆ ಆಕೆ ಎಪ್ಪತ್ತರ ವಯಸ್ಸು ಮುಟ್ಟುತ್ತಾಳೆ.

ಆಗ ಕಥೆಯೊಳಗೆ ಬರುವವಳು ದಾಕ್ಷಾಯಿಣಿ. ಆಕೆಯೂ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಆಕೆಗೂ ತಲೆ ಬೋಳಿಸಬೇಕೆಂದು ಹಿರಿಯರು ತೀರ್ಮಾನಿಸುತ್ತಾರೆ. ದಾಕ್ಷಾಯಿಣಿ ಆಗುವುದಿಲ್ಲ ಎನ್ನುತ್ತಾಳೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೈದುನನಿಂದ ಆಕೆ ಗರ್ಭಿಣಿಯಾಗುತ್ತಾಳೆ. ಮನೆತನದ ಮಾನ, ಜಾತಿಯ ಕಟ್ಟು, ಊರಿನ ಬಾಯಿ ಎಲ್ಲವೂ ಒಂದೇ ಬಾರಿಗೆ ಆ ಹುಡುಗಿಯ ಮೇಲೆ ಬೀಳುತ್ತವೆ. ಆಕೆ ಜಗ್ಗುವುದಿಲ್ಲ. ಆಗ ಅವಳ ಪಕ್ಷ ವಹಿಸುವವರು ಯಾರು? ಜೀವನವಿಡೀ ಮಡಿಯ ನಿಯಮ ಒಂದನ್ನೂ ತಪ್ಪದ ಮಡಿಯಜ್ಜಿ ಫಣಿಯಮ್ಮ.

ಇಡೀ ಚಿತ್ರದ ತೂಕ ನಿಂತಿರುವುದು ಈ ಒಂದು ನಡೆಯ ಮೇಲೆ. ಸಂಪ್ರದಾಯವನ್ನು ಎಲ್ಲರಿಗಿಂತ ಹೆಚ್ಚು ಪಾಲಿಸಿದವಳೇ ಅದನ್ನು ಮುರಿಯುವ ಹುಡುಗಿಯ ಕಡೆ ನಿಲ್ಲುತ್ತಾಳೆ.

ಕಥೆ ಬಂದದ್ದು ಎಲ್ಲಿಂದ?

ಚಿತ್ರಕ್ಕೆ ಆಧಾರ ಎಂ.ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಹೆಚ್ಚು ಓದಿದವರಲ್ಲ. ಬರವಣಿಗೆ ಆರಂಭಿಸಿದ್ದೂ ನಡುವಯಸ್ಸು ಬಂದ ಮೇಲೆ. ‘ತುಂಗಭದ್ರಾ’, ‘ಸದಾನಂದ’, ‘ಗೆಜ್ಜೆಪೂಜೆ’ ಕಾದಂಬರಿಗಳಿಂದ ಮನೆಮಾತಾದರು. 1994ರಲ್ಲಿ ತೀರಿಕೊಂಡರು.

ಫಣಿಯಮ್ಮ ಕಲ್ಪನೆಯ ಪಾತ್ರವಲ್ಲ. ಲೇಖಕಿಯ ತಾಯಿ ಕಂಡು ಹೇಳಿದ, ಸುಮಾರು 1840ರಿಂದ 1952ರವರೆಗೆ ಬಾಳಿದ ಮಹಿಳೆಯೊಬ್ಬರ ಜೀವನ ಅದು. ಅಂದರೆ ಆಕೆ ನೂರಕ್ಕೂ ಹೆಚ್ಚು ವರ್ಷ ವಿಧವೆಯಾಗಿಯೇ ಬದುಕಿದ್ದರು. ಮೈಸೂರು ಸಂಸ್ಥಾನದ ಕಮಿಷನರ್ ಆಡಳಿತ, ಒಡೆಯರಿಗೆ ರಾಜ್ಯ ಮರಳಿದ್ದು, ಸ್ವಾತಂತ್ರ್ಯ, ಗಣರಾಜ್ಯ ಎಲ್ಲವೂ ಆ ಒಂದು ಆಯುಸ್ಸಿನೊಳಗೆ ಬಂದುಹೋದವು. ತೇಜಸ್ವಿನಿ ನಿರಂಜನ ಅವರು ಕಾದಂಬರಿಯನ್ನು ಇಂಗ್ಲಿಷಿಗೆ ತಂದಿದ್ದಾರೆ.

ಆ ಕಾಲದ ಕಾನೂನುಗಳನ್ನು ನೆನಪಿಸಿಕೊಂಡರೆ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟಿಷ್ ಭಾರತದಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 1856ರಲ್ಲಿ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಗೆ ತನ್ನದೇ ಶಾಸನ ತಂದಿತು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆಯೇ. ಆದರೆ ಅದು ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಜೊತೆಗೆ ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಎಂಟು ತುಂಬಿದ ಹುಡುಗಿಯನ್ನು ಇಪ್ಪತ್ತರ ತರುಣನಿಗೆ ಕೊಟ್ಟರೆ ಶಾಸನದ ಅಡ್ಡಿಯಿರಲಿಲ್ಲ. 1929ರ ಶಾರದಾ ಕಾಯ್ದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಅದು ಹದಿನೆಂಟಾದದ್ದು 1978ರ ತಿದ್ದುಪಡಿಯಿಂದ. ‘ಫಣಿಯಮ್ಮ’ ಕಾದಂಬರಿ ಅಚ್ಚಾದಾಗ ಹದಿನೆಂಟರ ನಿಯಮ ಇನ್ನೂ ಬಂದಿರಲಿಲ್ಲ.

ತಲೆ ಬೋಳಿಸುವ ಪದ್ಧತಿಗಂತೂ ಕಾನೂನು ಕೈ ಹಾಕಿರಲೇ ಇಲ್ಲ. ಕೂದಲು ಉಳಿಸಿಕೊಂಡ ವಿಧವೆಯನ್ನು ‘ಸಕೇಶಿ’ ಎನ್ನುತ್ತಿದ್ದರು. ಮಠದಲ್ಲಿ ಆಕೆಗೆ ತೀರ್ಥವಿಲ್ಲ, ಆಕೆ ಮಾಡಿದ ಅಡುಗೆ ಮಡಿಗೆ ಸಲ್ಲುವುದಿಲ್ಲ. ಮನೆಯಲ್ಲಿ ಎರಡು ಹೊತ್ತಿನ ಅನ್ನಕ್ಕೆ ಹಂಗಿನಲ್ಲಿರುವ ಹೆಣ್ಣಿಗೆ ಇದು ಸಣ್ಣ ಬೆದರಿಕೆಯಲ್ಲ. ದಾಕ್ಷಾಯಿಣಿ ಮುಡಿ ಕೊಡುವುದಿಲ್ಲ ಎಂದಾಗ ಆಕೆ ಪಣಕ್ಕಿಟ್ಟದ್ದು ಮನೆಯಲ್ಲಿನ ತನ್ನ ಜಾಗವನ್ನೇ.

ಶಿಡ್ಲಘಟ್ಟದಿಂದ ನಾಟಕ ಶಾಲೆಗೆ

1936ರಲ್ಲಿ ಹುಟ್ಟಿದ ಪ್ರೇಮಾ ಶಿಕ್ಷಕಿಯಾಗಿ ಬದುಕು ಆರಂಭಿಸಿದವರು. ರಂಗಭೂಮಿಯ ಬಿ.ವಿ. ಕಾರಂತರನ್ನು ಮದುವೆಯಾಗಿ ವಾರಾಣಸಿ, ದೆಹಲಿಗಳನ್ನು ಕಂಡರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ನಾಟಕ ಹಾಗೂ ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದರು. ಬೆಂಗಳೂರಿನಲ್ಲಿ 1979ರಲ್ಲಿ ‘ಬೆನಕ ಮಕ್ಕಳ ಕೇಂದ್ರ’ ಕಟ್ಟಿ ಮಕ್ಕಳ ರಂಗಭೂಮಿಗೆ ಗಟ್ಟಿ ನೆಲೆ ಒದಗಿಸಿದರು. ಅವರ ಆತ್ಮಕಥನದ ಹೆಸರು ‘ಸೋಲಿಸಬೇಡ ಗೆಲಿಸಯ್ಯ’.

ಅವರು ಸಿನಿಮಾ ನಿರ್ದೇಶನಕ್ಕೆ ಕೈ ಹಾಕಿದಾಗ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳಿಗೆ ಹತ್ತು ವರ್ಷ ದಾಟಿತ್ತು. ದೊಡ್ಡ ನಿರ್ಮಾಪಕರಿಲ್ಲದೆ, ತಾರೆಯರಿಲ್ಲದೆ, ಗೆಳೆಯರ ಹಣ ಹಾಗೂ ಸರ್ಕಾರದ ಸಹಾಯಧನ ನಂಬಿಕೊಂಡು ತಯಾರಾಗುತ್ತಿದ್ದ ಚಿತ್ರಗಳವು. 1970ರ ‘ಸಂಸ್ಕಾರ’, 1971ರ ‘ವಂಶವೃಕ್ಷ’, 1977ರ ‘ಘಟಶ್ರಾದ್ಧ’ ಇವೆಲ್ಲ ಆ ಸಾಲಿನವು. ಇವುಗಳಲ್ಲಿ ಹೆಣ್ಣಿನ ಕಥೆ ಇದ್ದರೂ ಕ್ಯಾಮೆರಾದ ಹಿಂದೆ ನಿಂತು ನಿರ್ದೇಶಿಸಿದವರು ಗಂಡಸರೇ. ಪ್ರೇಮಾ ಕನ್ನಡ ಚಿತ್ರ ನಿರ್ದೇಶಿಸಿದ ಮೊದಲ ಮಹಿಳೆಯರ ಸಾಲಿಗೆ ಸೇರಿದರು.

ಫಣಿಯಮ್ಮನ ಪಾತ್ರ ವಹಿಸಿದವರು ಎಲ್.ವಿ. ಶಾರದಾ. ‘ವಂಶವೃಕ್ಷ’ದಲ್ಲಿ ಮರುಮದುವೆಯಾಗುವ ವಿಧವೆ ಕಾತ್ಯಾಯಿನಿಯಾಗಿದ್ದವರೂ ಇವರೇ. ಹನ್ನೆರಡು ವರ್ಷದ ಹಿಂದೆ ಕಟ್ಟು ಮೀರುವ ತರುಣಿಯಾಗಿ ಕಂಡ ಮುಖವನ್ನು ಪ್ರೇಕ್ಷಕರು ಇಲ್ಲಿ ಬೋಳುತಲೆಯ ಮುದುಕಿಯಾಗಿ ಕಂಡರು. ಸಂಗೀತ ಬಿ.ವಿ. ಕಾರಂತರದು. 1982ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರೀಯ ಪ್ರಶಸ್ತಿ ‘ಫಣಿಯಮ್ಮ’ನಿಗೆ ಸಂದಿತು.

ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆ ಟೆಂಟ್ ಸಿನಿಮಾದ ಕಾಲದಿಂದ ತೆಲುಗು ಚಿತ್ರಗಳಿಗೂ ಡಾ. ರಾಜ್ ಚಿತ್ರಗಳಿಗೂ ಜನ ಕಿಕ್ಕಿರಿಯುತ್ತಿದ್ದರು. ‘ಫಣಿಯಮ್ಮ’ನಂಥ ಚಿತ್ರಗಳು ಇಂಥ ಊರುಗಳ ಟೆಂಟಿಗೆ ಬರುವುದು ಕಷ್ಟ. ನಗರಗಳಲ್ಲಿ ಬೆಳಗಿನ ಆಟ, ಫಿಲಂ ಸೊಸೈಟಿ, ಆಮೇಲೆ ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರ. ಇಂಥ ಚಿತ್ರಗಳ ಪ್ರೇಕ್ಷಕರು ದೊರೆಯುತ್ತಿದ್ದುದು ಹೆಚ್ಚಾಗಿ ಅಲ್ಲಿ.

ಅದೇ ಹುಡುಗಿ, ಬೇರೆ ಕೊನೆ

ಮನೆಗೆ ಎದುರು ನಿಲ್ಲುವ ಎಳೆಯ ಹೆಣ್ಣು ಕನ್ನಡದಲ್ಲಿ ‘ಫಣಿಯಮ್ಮ’ನಿಂದ ಶುರುವಾದವಳಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ, ಮಂಗಳೂರಿನಲ್ಲಿ. ಅದರ ನಾಯಕಿಯೂ ಬಾಲವಿಧವೆ. ಆಕೆ ತವರಿನಿಂದ ತಪ್ಪಿಸಿಕೊಂಡು ಹೋಗಿ, ಓದು ಕಲಿತು, ಮರುಮದುವೆಯಾಗುತ್ತಾಳೆ. ಗುಲ್ವಾಡಿಯವರು ಹುಡುಗಿಯನ್ನು ಗೆಲ್ಲಿಸಿದರು. ಆದರೆ ಗೆಲುವು ಸಿಕ್ಕಿದ್ದು ಹುಟ್ಟಿದ ಮನೆಯ ಹೊರಗೆ, ಸುಧಾರಕರ ಆಶ್ರಯದಲ್ಲಿ.

ಎಂ.ಕೆ. ಇಂದಿರಾ ಅವರದೇ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಚಿತ್ರ ಮಾಡಿದರು. ಇದು ಮುಖ್ಯವಾಹಿನಿಯ ಚಿತ್ರ. ಕಲ್ಪನಾ ಅಭಿನಯಿಸಿದ ಚಂದ್ರಾ ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದವಳು. ಓದಿ, ಮದುವೆಯಾಗಿ, ಎಲ್ಲರಂತೆ ಬಾಳಬೇಕೆಂದು ಹಟ ಹಿಡಿದವಳು. ಮನೆಯ ಕಸುಬು ಬಿಡುವುದಿಲ್ಲ, ಹೊರಗಿನ ಸಮಾಜ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಯಲ್ಲಿ ಆಕೆ ಪ್ರಾಣ ಕಳೆದುಕೊಳ್ಳುತ್ತಾಳೆ. ಚಿತ್ರಮಂದಿರದಲ್ಲಿ ಜನ ಅತ್ತರು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಯು.ಆರ್. ಅನಂತಮೂರ್ತಿ ಅವರ ಕಥೆ ಆಧರಿಸಿದ್ದು. ಅಲ್ಲಿನ ಯಮುನಕ್ಕನೂ ವಿಧವೆ, ಗರ್ಭಿಣಿ. ಬದುಕಿರುವಾಗಲೇ ತಂದೆ ಆಕೆಯ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ತಲೆ ಬೋಳಿಸಿ ಮರದಡಿ ಬಿಟ್ಟ ಯಮುನಕ್ಕನಿಗಾಗಿ ಮರುಗುವುದು ವೇದಪಾಠ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಜೀವವೊಂದೇ. ಅವನನ್ನೂ ಅವನ ಅಪ್ಪ ಬಂದು ಕರೆದೊಯ್ಯುತ್ತಾನೆ. ಇತ್ತ ಮಗಳನ್ನು ಹೊರದೂಡಿದ ಮುದಿ ತಂದೆ ಎಳೆ ಹುಡುಗಿಯೊಬ್ಬಳನ್ನು ಮದುವೆಯಾಗುತ್ತಾನೆ. 1977ನೇ ಸಾಲಿನ ರಾಷ್ಟ್ರೀಯ ಅತ್ಯುತ್ತಮ ಚಿತ್ರವಾದ ಇದರ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಯಮುನಕ್ಕನನ್ನೂ ದಾಕ್ಷಾಯಿಣಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ವಿಧವೆಯರು, ಇಬ್ಬರೂ ಬಸಿರಾದವರು. ಇಬ್ಬರ ಸುತ್ತಲೂ ಇರುವುದು ಅದೇ ಮಲೆನಾಡು, ಅದೇ ಶಾಸ್ತ್ರ, ಅದೇ ಊರು. ದಾಕ್ಷಾಯಿಣಿಯ ಬಾಯಿ ಜೋರು ಎಂಬುದು ನಿಜ. ಆದರೆ ಬಾಯಿ ಜೋರಾದ ಮಾತ್ರಕ್ಕೆ ಮನೆಯಲ್ಲಿ ಉಳಿಯಲಾಗುತ್ತಿರಲಿಲ್ಲ. ಮನೆಯೊಳಗೇ ಒಬ್ಬ ಹಿರಿಯರು ಅವಳ ಪರ ಮಾತಾಡಿದರು. ಯಮುನಕ್ಕನಿಗೆ ಸಿಕ್ಕಿದ್ದು ಏನೂ ಮಾಡಲಾಗದ ಒಬ್ಬ ಬಾಲಕ.

ಅಜ್ಜಿ ಏಕೆ ನಿಂತಳು?

ಫಣಿಯಮ್ಮ ಭಾಷಣ ಮಾಡುವ ಸುಧಾರಕಿಯಲ್ಲ. ಆಕೆ ಓದಿದವಳಲ್ಲ. ತನ್ನ ಮಡಿಯನ್ನು ಕೊನೆಯವರೆಗೂ ಬಿಡುವುದಿಲ್ಲ. ಆದರೂ ಆಕೆ ಇಷ್ಟು ವರ್ಷ ಸುಮ್ಮನೆ ಕುಳಿತಿರಲಿಲ್ಲ, ನೋಡುತ್ತಿದ್ದಳು. ಮದುವೆಯಾದ ಹೆಂಗಸರು ವರ್ಷಕ್ಕೊಂದು ಹೆತ್ತು ಸವೆಯುವುದನ್ನು, ಶಾಸ್ತ್ರ ಹೇಳುವ ಗಂಡಸರು ಕತ್ತಲಾದ ಮೇಲೆ ಮಾಡುವುದನ್ನು ನೋಡಿದ್ದಳು. ಕಾದಂಬರಿಯಲ್ಲಿ ಆಕೆ ಜಾತಿಯ ಗೆರೆ ದಾಟಿ, ಕಷ್ಟದ ಹೆರಿಗೆಯೊಂದಕ್ಕೆ ಕೈ ನೀಡಿ ತಾಯಿ ಮಗುವನ್ನು ಉಳಿಸುವ ಪ್ರಸಂಗವಿದೆ. ನಿಯಮಕ್ಕಿಂತ ಜೀವ ದೊಡ್ಡದು ಎಂದು ಆಕೆ ಯಾರಿಗೂ ಹೇಳುವುದಿಲ್ಲ. ಹಾಗೆ ನಡೆದುಕೊಳ್ಳುತ್ತಾಳೆ, ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನಾನು ಅನುಭವಿಸಿದ್ದೇನೆ, ನೀನೂ ಅನುಭವಿಸು’ ಎನ್ನುವುದು ನಮ್ಮ ಮನೆಗಳಲ್ಲಿ ಕೇಳಿ ಬರುವ ಮಾತು. ಅತ್ತೆ ಸೊಸೆಗೆ, ತಾಯಿ ಮಗಳಿಗೆ ಹೇಳುವ ಈ ಮಾತಿನಿಂದಲೇ ಪದ್ಧತಿಗಳು ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತವೆ. ಕ್ಷೌರಿಕನ ಕತ್ತಿಗೆ ತಲೆಯೊಡ್ಡಿದ ಫಣಿಯಮ್ಮನಿಗೆ ಹಾಗೆ ಹೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಿತ್ತು. ಆಕೆ ಹೇಳಿದ್ದು ಅದರ ವಿರುದ್ಧದ ಮಾತು. ತನಗಾದದ್ದು ಇನ್ನೊಬ್ಬಳಿಗೆ ಆಗದಿರಲಿ ಎಂದಳು. ಆಕೆಯ ಮಾತಿಗೆ ಮನೆಯಲ್ಲಿ ತೂಕ ಬಂದದ್ದೂ ಆಕೆ ಕಟ್ಟುಪಾಡನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸಿದ್ದರಿಂದಲೇ. ಇಂಥವಳನ್ನು ಕುಲಗೆಟ್ಟವಳು ಎಂದು ಬಾಯಿ ಮುಚ್ಚಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಒಂದು ಆಕ್ಷೇಪ

ಇವೆಲ್ಲ ಬ್ರಾಹ್ಮಣ ಮನೆಗಳ ಕಥೆಗಳು, ಉಳಿದವರ ಮನೆಯ ಹೆಣ್ಣುಮಕ್ಕಳ ಪಾಡೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅನೇಕ ಸಮುದಾಯಗಳಲ್ಲಿ ವಿಧವೆಯ ತಲೆ ಬೋಳಿಸುವ ಪದ್ಧತಿ ಇರಲಿಲ್ಲ. ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮರುಮದುವೆಗೂ ದಾರಿಯಿತ್ತು. ಆದರೆ ಅಲ್ಲಿ ಬಡತನ ಹಾಗೂ ಜೀತ ಬೇರೆ ಬಗೆಯ ಕಟ್ಟುಗಳಾಗಿದ್ದವು.

ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯ ಬೆಳ್ಳಿಯನ್ನು ಇಲ್ಲಿ ನೆನೆಯಬೇಕು. ಅಪ್ಪನ ಸಾಲ ತೀರಿಸಲು ಕಾಫಿ ತೋಟದ ಕೂಲಿಗೆ ಹೋಗುವ ಆ ದಲಿತ ಹುಡುಗಿಯ ದೇಹದ ಮೇಲೆ ತೋಟದವರ ಕಣ್ಣು. ಮನೆಯನ್ನು ಹೊತ್ತವಳು ಅವಳೇ, ಅಪ್ಪನ ಸಿಟ್ಟಿಗೆ ಗುರಿಯಾಗುವವಳೂ ಅವಳೇ. ಅವಳ ಪರ ಹೇಳಲು ಮನೆಯಲ್ಲಿ ಅಜ್ಜಿಯಿಲ್ಲ, ಅವ್ವನಿಲ್ಲ. ಗಂಡ ಒಂದು ಚಿತ್ರ, ಹೆಂಡತಿ ಒಂದು ಚಿತ್ರ ಮಾಡಿದರು. ಎರಡರಲ್ಲೂ ಮನೆಯ ಭಾರ ಎಳೆಯ ಹೆಣ್ಣಿನ ಹೆಗಲ ಮೇಲಿದೆ.

ಮಕ್ಕಳ ಹಟ ಯಾವಾಗಲೂ ಸರಿಯೇ ಎಂದೂ ಹೇಳುವಂತಿಲ್ಲ. ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿದ ಕಾಸರವಳ್ಳಿಯವರ ‘ನಾಯಿ ನೆರಳು’ 2006ರ ಚಿತ್ರ. ಅದರಲ್ಲಿ ವಿಧವೆ ವೆಂಕು, ಗಂಡನ ಪುನರ್ಜನ್ಮವೆಂದು ಮನೆಯವರು ನಂಬಿದ ತರುಣನನ್ನು ಒಪ್ಪಿಕೊಳ್ಳುತ್ತಾಳೆ. ಓದುತ್ತಿರುವ ಮಗಳು ಇದು ಮೂಢನಂಬಿಕೆ ಎಂದು ಕಾನೂನಿನ ಮೊರೆ ಹೋಗುತ್ತಾಳೆ. ತರ್ಕದಲ್ಲಿ ಮಗಳೇ ಸರಿ. ಆದರೆ ಬಾಳೆಲ್ಲ ಬತ್ತಿಹೋಗಿದ್ದ ತಾಯಿಗೆ ಆ ನಂಬಿಕೆ ಬದುಕಲು ಸಿಕ್ಕ ಒಂದೇ ದಾರಿಯಾಗಿತ್ತು. ಫಣಿಯಮ್ಮ ದಾಕ್ಷಾಯಿಣಿಯನ್ನು ಅರ್ಥ ಮಾಡಿಕೊಂಡಳು, ಈ ಮಗಳಿಗೆ ತಾಯಿ ಅರ್ಥವಾಗಲಿಲ್ಲ. ಎಳೆಯರು, ಹಿರಿಯರು ಎಂಬ ಗೆರೆಯೊಂದರಿಂದಲೇ ಮನೆಯ ಜಗಳಗಳನ್ನು ಅಳೆಯಲಾಗದು ಎಂದು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದವರಿಗೆ ಅನಿಸುತ್ತದೆ.

ಇಂದಿನ ದಾಕ್ಷಾಯಿಣಿಯರು

ತಲೆ ಬೋಳಿಸುವ ಕಾಲ ಹೋಯಿತು. ಹಾಗಾದರೆ ಕಥೆ ಹಳತಾಯಿತೆ? 2019ರಿಂದ 2021ರ ಅವಧಿಯಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕಾನೂನು ಸಡಿಲವಾಗಿದೆ ಎನ್ನುವಂತಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ರಾಜ್ಯ ತಂದ ತಿದ್ದುಪಡಿಯಂತೆ, ಕರ್ನಾಟಕದಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗಿಯೇ ಕರೆ ಮಾಡಬಹುದು.

ಆದರೆ ಕರೆ ಮಾಡಿದ ಮರುದಿನವೂ ಆ ಹುಡುಗಿ ಅದೇ ಮನೆಯಲ್ಲಿ ಉಣ್ಣಬೇಕು, ಅದೇ ಮನೆಯಿಂದ ಶಾಲೆಗೆ ಹೋಗಬೇಕು. ಅಧಿಕಾರಿಗಳು ಮುಚ್ಚಳಿಕೆ ಬರೆಸಿಕೊಂಡು ಜೀಪು ಹತ್ತಿದ ಮೇಲೆ ‘ಮನೆ ಮಾನ ಕಳೆದಳು’ ಎಂಬ ಮಾತು ಕೇಳುವುದು ಅವಳಿಗೊಬ್ಬಳಿಗೇ. ಆ ಹೊತ್ತಿಗೆ ಅಜ್ಜಿಯೋ ದೊಡ್ಡಮ್ಮನೋ ‘ಅವಳು ಓದಲಿ ಬಿಡಿ’ ಎಂದರೆ ಕಾಯ್ದೆ ಮಾಡಲಾಗದ ಕೆಲಸ ಆಗುತ್ತದೆ. ‘ಫಣಿಯಮ್ಮ’ನನ್ನು ಈಗ ಮತ್ತೊಮ್ಮೆ ನೋಡಲು ಕಾರಣವಿದೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ.

ಇಂದಿನ ಸ್ವತಂತ್ರ ಚಿತ್ರಗಳೂ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ 2022ರ ಗೋವಾ ಅಂತರರಾಷ್ಟ್ರೀಯ ಚಿತ್ರೋತ್ಸವದ ಇಂಡಿಯನ್ ಪನೋರಮಾದ ಆರಂಭದ ಚಿತ್ರವಾಗಿತ್ತು. ಕಾಲೇಜಿನ ಹುಡುಗ ಹುಡುಗಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ ಖಾಸಗಿ ಗಳಿಗೆ ಹೊರಬಿದ್ದು, ಇಬ್ಬರೂ ಕಾಲೇಜಿನ ವಿಚಾರಣೆಗೆ ನಿಲ್ಲುವುದು ಅದರ ವಸ್ತು. ಜಾತಿ, ಹಣ, ವಯಸ್ಸು ಹದಿನೇಳೋ ಹದಿನೆಂಟೋ ಎಂಬ ಲೆಕ್ಕ ಎಲ್ಲವೂ ಅಲ್ಲಿ ಬರುತ್ತವೆ. ಹಿಂದೆ ಮಠ ಕುಳಿತಿದ್ದ ಜಾಗದಲ್ಲಿ ಈಗ ಆಡಳಿತ ಮಂಡಳಿ ಕುಳಿತಿದೆ. ತೀರ್ಪಿನ ಹೆಚ್ಚಿನ ಭಾರ ಬಡ ಹುಡುಗಿಯ ಮನೆಯ ಕಡೆಗೇ ವಾಲುತ್ತದೆ.

ಪ್ರೇಮಾ ಕಾರಂತರು ಮುಂದೆಯೂ ಮಕ್ಕಳಿಗಾಗಿ ನಾಟಕ, ‘ನಕ್ಕಳಾ ರಾಜಕುಮಾರಿ’ಯಂಥ ಚಿತ್ರ ಮಾಡಿದರು. ಆದರೆ ಅವರ ಹೆಸರು ನಿಂತಿರುವುದು ‘ಫಣಿಯಮ್ಮ’ನ ಮೇಲೆ. ನಮ್ಮ ಜಿಲ್ಲೆಯ ಶಾಲಾ ಕಾಲೇಜುಗಳಲ್ಲಿ, ಮಹಿಳಾ ಸಂಘಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ಚಿತ್ರ ತೋರಿಸಬಹುದು. ಹುಡುಗಿಯರಿಗೆ ಮಾತ್ರ ತೋರಿಸಿದರೆ ಸಾಲದು. ಅವರ ಅಜ್ಜಿಯಂದಿರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಬೇಕು.